ಹಳದಿ ಕಾಣುವ ಕಡೆ ಕೂತ್ಕೊಳ್ಳಿ

ಬಂಡೀಪುರ, ಕಾಡಿನೊಳಗಿನ ಕ್ಯಾಂಪು
12 ಫೆಬ್ರವರಿ 2025

ತಂಗಿ ಭಾನುಗೆ ಅಣ್ಣ ಮಹಾಲಿಂಗನ ಆಶೀರ್ವಾದಗಳು.

ಮೊದಲು ಕೆಟ್ಟ ಸುದ್ದಿ ಹೇಳಿಬಿಡ್ತೀನಿ. ನನಗೆ ರಜೆ ಸಿಗಲಿಲ್ಲ. ಇದು ಬೆಂಕಿ ಕಾಲ ಕಣಮ್ಮಿ. ಯಾವನೋ ಎಸೆದ ಒಂದು ಬೀಡಿ ತುಂಡಿಗೆ ಗುಡ್ಡಕ್ಕೆ ಗುಡ್ಡವೇ ಹೊತ್ತಿಕೊಳ್ಳುತ್ತೆ. ಸಾಹೇಬರ ಮುಂದೆ ಕೈ ಕಟ್ಟಿ ನಿಂತು 'ಸಾರ್, ಇಪ್ಪತ್ಮೂರನೇ ತಾರೀಕು ಭಾನುವಾರ ಫೈನಲ್ಲು' ಅಂದೆ. 'ಯಾವ ಪರೀಕ್ಷೇದಯ್ಯಾ?' ಅಂತ ಕೇಳಿದರು. ಕ್ಯಾಂಪಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ನಾನಿಲ್ಲ ಅಂತ ನೀವು ನಿಲ್ಲಿಸಬೇಡಿ. ಅಪ್ಪ, ಅವ್ವ, ನೀನು, ಮೂರು ಜನವೂ ಹೋಗಲೇಬೇಕು. ಶುಂಠಿ ಸಾಹುಕಾರನ ಜಮೀನಿನಲ್ಲಿ ಕೂಲಿ ಮಾಡುತ್ತಾ, ಊಟದ ಹೊತ್ತಿನಲ್ಲಿ ಅವನ ಫೋನಿಗೆ ಕಣ್ಣು ಹಾಕಿ ಹಾಕಿ ಅಪ್ಪ ಈ ಕಬನಿ ಬ್ರದರ್ಸ್ ಫುಟ್‌ಬಾಲ್ ಟೀಮಿನ ಹುಚ್ಚು ಹತ್ತಿಸಿಕೊಂಡ. ನಮಗೂ ಹತ್ತಿಸಿದ. ಇಷ್ಟು ವರ್ಷದಲ್ಲಿ ನಮ್ಮ ಟೀಮನ್ನು ನಮ್ಮ ಮನೆಯವರು ಯಾರೂ ಕಣ್ಣಾರೆ ಕಂಡಿಲ್ಲ. ಬೇಗೂರಿನಿಂದ ಕಾಡು ದಾಟಿದರೆ ವಯನಾಡು, ಆದರೂ ಹೋಗಿಲ್ಲ.

ಗುಂಡ್ಲುಪೇಟೆಯಲ್ಲಿ ಕೇರಳದ ಬಸ್ಸು ಹತ್ತಿ. ಆಟ ಮುಗಿದ ಕೂಡಲೇ ಹೊರಡಿ. ರಾತ್ರಿ ಒಂಬತ್ತಕ್ಕೆ ಕಾಡಿನ ಗೇಟು ಬಿದ್ದರೆ ಬೆಳಗಿನ ತನಕ ಆಚೆಯೇ. ಮೂವರೂ ಹಳದಿ ಬಟ್ಟೆ ಹಾಕ್ಕೊಳ್ಳಿ. ನಮ್ಮ ಕ್ಯಾಂಪಿನ ಗೋಡೆಯ ಮೇಲೆ ಟೀಮಿನ ಕ್ಯಾಲೆಂಡರಿದೆ. ಎಲ್ಲರೂ ಹಳದಿ, ನಡುವೆ ನಮ್ಮ ಉದ್ದಕೂದಲಿನ ಕ್ಯಾಪ್ಟನ್. ಯಾರನ್ನೂ ಏನೂ ಕೇಳಬೇಡಿ, ಎಲ್ಲಿ ಹಳದಿ ಕಾಣುತ್ತೋ ಅಲ್ಲಿ ಕೂತ್ಕೊಳ್ಳಿ. ಅವರೆಲ್ಲ ನಮ್ಮವರು.

ನಿನ್ನೆ ಕೆರೆ ಹತ್ತಿರ ಸೀಳುನಾಯಿಗಳು ಒಂದು ಜಿಂಕೆ ಹಿಡಿದವು. ಕಾಡುನಾಯಿ ಕೊಂದು ತಿನ್ನೋದಿಲ್ಲ ಕಣಮ್ಮಿ, ತಿಂದು ಕೊಲ್ಲುತ್ತೆ. ಜಿಂಕೆ ನಿಂತೇ ಇತ್ತು, ಹಿಂದಿನ ಭಾಗ ಇರಲಿಲ್ಲ. ಜೊತೆಗಿದ್ದ ವಾಚರ್ ಮೂಗಯ್ಯ ಮುಖ ತಿರುಗಿಸಿಕೊಂಡ. ನಾನು ಪೂರ್ತಿ ನೋಡಿದೆ.

ಟವರಿಲ್ಲದ ಈ ಜಾಗಕ್ಕೆ ಪುಟ್ಟಮಾದುನ ರೇಷನ್ ಜೀಪೇ ಪೋಸ್ಟಾಫೀಸು. ಅವನ ಕೈಲೇ ಉತ್ತರ ಕಳಿಸು.

ನಿನ್ನ ಅಣ್ಣ
ಮಹಾಲಿಂಗ


ಬೇಗೂರು
18 ಫೆಬ್ರವರಿ 2025

ಅಣ್ಣನಿಗೆ ಭಾನು ಮಾಡುವ ನಮಸ್ಕಾರಗಳು.

ನಿನಗೆ ರಜೆ ಸಿಗದಿದ್ದದ್ದು ಬೇಜಾರಾಯ್ತು ಅಂತ ಬರೆಯಬೇಕು. ಆದರೆ ಅವ್ವ ದೇವರಿಗೆ ಕೈ ಮುಗಿದಳು. ನೀನು ಬಂದಿದ್ದರೆ ರೆಫ್ರಿಗೆ ಎರಡು ಬಿಗಿಯದೆ ವಾಪಸ್ ಬರ್ತಿರಲಿಲ್ಲ. ಹೋದ ವರ್ಷ ಚಿಲ್ಲರೆ ಕೊಡಲಿಲ್ಲ ಅಂತ ಕಂಡಕ್ಟರನ ಮೂಗಿನಲ್ಲಿ ರಕ್ತ ಬರಿಸಿದೆಯಲ್ಲ, ಅವನಿಗೆ ಅಪ್ಪ ಈಗಲೂ ಬಸ್‌ಸ್ಟ್ಯಾಂಡಿನಲ್ಲಿ ಕೈ ಮುಗೀತಾನೆ.

ಬಟ್ಟೆ ತಯಾರು. ಅಪ್ಪನಿಗೆ ಅರ್ಧ ತೋಳಿನ ಹಳದಿ ಶರ್ಟು, ಅವ್ವನಿಗೆ ಹಳದಿ ರವಿಕೆ, ನನಗೆ ಚೂಡಿದಾರದ ಟಾಪು. ಒಂದೇ ಥಾನಿನದು, ಮೂವರೂ ಒಟ್ಟಿಗೆ ನಿಂತರೆ ಸಾಸಿವೆ ಹೊಲ. ಎಲ್ಲದಕ್ಕೂ ಕತ್ತಿನ ಪಟ್ಟಿಯ, ಕಾಲರಿನ ಒಳಗೆ ಕಪ್ಪು ದಾರದಲ್ಲಿ ಪುಟ್ಟ ಅಡ್ಡಗೆರೆ, ಉದ್ದಗೆರೆ ಹಾಕಿದ್ದೀನಿ. ಹೊಲಿಗೆ ಅಂಗಡಿಗೆ ಬರುವ ಗಿರಾಕಿಗಳಿಗೆ ಹಾಕೋದಿಲ್ಲ, ಮನೆಯವರಿಗೆ ಮಾತ್ರ. ನಿನ್ನ ಯೂನಿಫಾರ್ಮಿನಲ್ಲೂ ಇದೆಯಲ್ಲ, ಅದೇ. ಅಷ್ಟು ಜನ ಸೇರುವ ಕಡೆ ಯಾರ ಕಣ್ಣೂ ಬೀಳದಿರಲಿ.

ಅಪ್ಪ ಶರ್ಟು ಹಾಕಿಕೊಂಡು ಬೀದಿಯಲ್ಲಿ ಎರಡು ಸಲ ಅಡ್ಡಾಡಿ ಬಂದ. ಯಾರೂ ಏನೂ ಕೇಳಲಿಲ್ಲ ಅಂತ ಮೂರನೇ ಸಲ ಹೋದ. ಪಕ್ಕದ ಮನೆ ಯಶೋದಮ್ಮ 'ಏನ್ ಮಾದಣ್ಣ, ಮದ್ವೆ ಗಂಡಾಗ್ಬುಟ್ಟೆ' ಅಂದಳು. ಅಪ್ಪ ಗಂಭೀರವಾಗಿ, 'ಊ ಕಣವ್ವ, ದಿಬ್ಬಣ ಕೇರಳಕ್ಕೆ ಓಯ್ತದೆ' ಅಂದ.

ಅಂಗಡಿಯ ಎದುರು ಯಾರೋ ಆಟದ ಪೋಸ್ಟರ್ ಅಂಟಿಸಿದ್ದಾರೆ. ಪೂರ್ತಿ ಮಲಯಾಳ. ಒಂದಕ್ಷರವೂ ತಿಳಿಯಲಿಲ್ಲ, ಬಿಸಿಲಿಗೆ ಬಣ್ಣವೂ ಹೋಗಿದೆ. ನೀನು ಹೇಳಿದ್ದೀಯಲ್ಲ, ಅಷ್ಟು ಸಾಕು. ಅವ್ವ ಚಿತ್ರಾನ್ನ ಕಟ್ಟುತ್ತಾಳೆ. ಬಂದ ಮೇಲೆ ಗೋಲಿಗೊಂದು ಪುಟದಂತೆ ಬರೀತೀನಿ.

ಭಾನು


ಕ್ಯಾಂಪು
27 ಫೆಬ್ರವರಿ 2025

ಭಾನು,

ಜೀಪು ಬಂತು, ಅಕ್ಕಿ ಬಂತು, ಬೇಳೆ ಬಂತು, ನಿನ್ನ ಕಾಗದ ಬರಲಿಲ್ಲ. ಗೋಲಿಗೊಂದು ಪುಟ ಅಂದಿದ್ದೆ. ಸೋತರೆ ಪುಟವೇ ಇಲ್ಲವೇನು?

ಸೋತದ್ದು ಗೊತ್ತಾಯ್ತು. ಕೊನೇ ಗಳಿಗೆಯಲ್ಲಿ ಪೆನಾಲ್ಟಿ ಕೊಟ್ಟರಂತೆ, ಆ ರೆಫ್ರಿಯ ಕೈ ಮುರಿಯಬೇಕಿತ್ತು. ಗೇಟಿನವರು ಹೇಳಿದರು, ಆಟ ಆದ ಮೇಲೆ ಒಳ್ಳೆ ಹೊಡೆದಾಟವಂತೆ, ನಮ್ಮ ಕಡೆಯವರು ಆ ಕಡೆಯವರಿಗೆ ಸರಿಯಾಗಿ ಇಕ್ಕಿದರಂತೆ. ಕೇಳಿ ಹೊಟ್ಟೆ ತಣ್ಣಗಾಯ್ತು. ಫೈನಲ್ಲಿನ ಕಪ್ಪು ಹೋದರೂ ಮರ್ಯಾದೆ ಉಳೀತು. ನೀವು ನೋಡಿದಿರಾ? ಅಪ್ಪ ನೋಡಿದನಾ? ಅವನೂ ಒಂದೆರಡು ಹಾಕಿರಬೇಕು, ಮುದುಕನಿಗೆ ಆ ಹಳದಿ ಶರ್ಟು ಹಾಕಿದರೆ ಮೈಯಲ್ಲಿ ಭೂತ ಬಂದ ಹಾಗೆ.

ಅಪ್ಪ ಮುನಿಸಿಕೊಂಡು ಊಟ ಬಿಟ್ಟಿದ್ದರೆ ಹೇಳು, ಮುಂದಿನ ವರ್ಷ ನಾನೇ ಕರ್ಕೊಂಡು ಹೋಗ್ತೀನಿ, ಗ್ಯಾಲರಿಯ ಮೊದಲ ಸಾಲಿನಲ್ಲಿ ಕೂರಿಸ್ತೀನಿ.

ಎಲ್ಲವನ್ನೂ ಬರಿ. ಯಾರು ಪಕ್ಕದಲ್ಲಿ ಕೂತಿದ್ದರು, ಏನು ತಿಂದಿರಿ, ಉದ್ದಕೂದಲಿನವನು ಹತ್ತಿರದಿಂದ ಹೇಗಿದ್ದಾನೆ, ಎಲ್ಲ.

ಮಹಾಲಿಂಗ


ಹರದನಹಳ್ಳಿ
4 ಮಾರ್ಚ್ 2025

ಅಣ್ಣಾ,

ತಡವಾಯ್ತು, ಬೇಜಾರು ಮಾಡ್ಕೋಬೇಡ. ನಾವು ಹರದನಹಳ್ಳಿಗೆ ಚಿಕ್ಕಮ್ಮನ ಮನೆಗೆ ಬಂದಿದ್ದೀವಿ. ಸ್ವಲ್ಪ ದಿನ ಇಲ್ಲೇ ಇರ್ತೀವಿ.

ಆಟ ಚೆನ್ನಾಗಿತ್ತು. ಉದ್ದಕೂದಲಿನವನು ಫೋನಿನಲ್ಲಿ ಕಾಣುವಷ್ಟು ಎತ್ತರ ಇಲ್ಲ. ಅಡಿಕೆ ಮರದ ಗ್ಯಾಲರಿ, ಕಾಲಿಟ್ಟರೆ ಅಲ್ಲಾಡುತ್ತೆ. ಪಕ್ಕದಲ್ಲಿ ಒಬ್ಬ ಅಜ್ಜ ಕೂತಿದ್ದ, ಕಡಲೆಕಾಯಿ ಕೊಟ್ಟ.

ಇಳಿಯುವಾಗ ಅಪ್ಪ ಕಾಲು ಜಾರಿದ. ಸ್ವಲ್ಪ ಪೆಟ್ಟಾಗಿದೆ. ಅವ್ವನ ಬೆರಳಿಗೂ ತಗುಲಿದೆ. ಚಾಮರಾಜನಗರದಲ್ಲಿ ಡಾಕ್ಟರಿಗೆ ತೋರಿಸ್ತಿದ್ದೀವಿ, ಇಲ್ಲಿಂದ ಹತ್ತಿರ ಅಂತ ಇಲ್ಲಿದ್ದೀವಿ. ಗಾಬರಿ ಆಗುವಂಥದ್ದು ಏನೂ ಇಲ್ಲ. ನೀನು ಕೆಲಸ ಬಿಟ್ಟು ಓಡಿ ಬರಬೇಡ.

ಹೊಡೆದಾಟ ನಾವು ನೋಡಲಿಲ್ಲ.

ಭಾನು


ಕ್ಯಾಂಪು
6 ಮಾರ್ಚ್ 2025

ಭಾನು,

ಪುಟ್ಟಮಾದು ಬಾಯಿ ಬಿಟ್ಟ. ನಾನು ಬಿಡಿಸಿದೆ. ಜೀಪಿನ ಬಾನೆಟ್ಟಿಗೆ ಅವನನ್ನು ಒತ್ತಿ ಹಿಡಿದು ಕೇಳಿದೆ. ಅಪ್ಪನ ತಲೆಗೆ ಹೊಲಿಗೆ, ಹಲ್ಲು ಹೋಗಿವೆ, ಆಸ್ಪತ್ರೆಯ ಮಂಚದಲ್ಲಿ ಗೋಡೆ ನೋಡುತ್ತಾ ಮಲಗಿದ್ದಾನೆ, ಯಾರ ಹತ್ತಿರವೂ ಮಾತಿಲ್ಲ. ಅವ್ವನ ಕೈಗೆ ಸಿಮೆಂಟು ಪಟ್ಟಿ. ಇದು ಕಾಲು ಜಾರಿದ್ದಾ? ನನಗೇ ಸುಳ್ಳು ಬರೀತೀಯಾ? ಹೊಡೆದಾಟದ ಸುದ್ದಿ ಕೇಳಿ ಹೊಟ್ಟೆ ತಣ್ಣಗಾಯ್ತು ಅಂತ ನಾನು ಬರೆದಿದ್ದೆ. ಆ ಕಾಗದವನ್ನು ನೀನು ಆಸ್ಪತ್ರೆಯಲ್ಲಿ ಕೂತು ಓದಿರಬೇಕು. ಆಗಲಾದರೂ ಹೇಳಬಾರದಿತ್ತಾ?

ಯಾರು ಹೊಡೆದದ್ದು? ಯಾವ ಊರು? ಯಾವ ಗಾಡಿಯಲ್ಲಿ ಬಂದಿದ್ದರು? ನೀನು ಕಂಡಿರ್ತೀಯ. ನಿನ್ನ ಕಣ್ಣು ಸೂಜಿಗೆ ದಾರ ಪೋಣಿಸುವ ಕಣ್ಣು.

ಸಾಹೇಬರು ವಿಷಯ ಕೇಳಿ, 'ಎರಡು ದಿನ ಹೋಗಿ ತಂದೇನ ನೋಡ್ಕೊಂಡು ಬಾರಯ್ಯ' ಅಂದರು. ಬೇಡ ಸಾರ್, ನನ್ನನ್ನು ಗೇಟಿಗೆ ಹಾಕಿ ಅಂದೆ. ಹಾಕಿದ್ದಾರೆ. ನಾಳೆಯಿಂದ ಕೇರಳ ಗಡಿಯ ಗೇಟಿನಲ್ಲಿ ಡ್ಯೂಟಿ. ಆ ಕಡೆಯಿಂದ ಈ ಕಡೆಗೆ ಬರುವ ಒಂದೊಂದು ಗಾಡಿಯೂ ನನ್ನ ಮುಂದೆಯೇ ನಿಲ್ಲಬೇಕು. ಅವರು ತರಕಾರಿಗೆ ಬರ್ತಾರೆ, ಶುಂಠಿಗೆ ಬರ್ತಾರೆ, ಬೆಟ್ಟಕ್ಕೆ ಬರ್ತಾರೆ. ಒಂದು ದಿನ ಬಂದೇ ಬರ್ತಾರೆ.

ಹೆಸರು ಬರಿ. ಅಷ್ಟು ಮಾಡು, ಉಳಿದದ್ದು ನನಗೆ ಬಿಡು.

ಮಹಾಲಿಂಗ


ಹರದನಹಳ್ಳಿ
10 ಮಾರ್ಚ್ 2025

ಅಣ್ಣಾ,

ಕೇಳಿದೆಯಲ್ಲ, ಬರೀತೀನಿ. ಒಂದೇ ಸಲ ಬರೀತೀನಿ. ಮತ್ತೆ ಕೇಳಬೇಡ.

ನೀನು ಹೇಳಿದ ಹಾಗೆ ಹಳದಿ ಕಂಡ ಕಡೆ ಕೂತೆವು. ಆಟಗಾರರು ಬಂದ ಮೇಲೆ ಅಪ್ಪ ನನ್ನ ತೋಳು ಜಗ್ಗಿದ. 'ಅಮ್ಮೀ, ನಮ್ಮ ಉದ್ದಕೂದ್ಲುನೋನು ಆ ಕಡೆ ಯಾಕವ್ನೆ?' ಅಂದ. ಕ್ಯಾಪ್ಟನ್ ನೀಲಿ ಬಟ್ಟೆಯಲ್ಲಿದ್ದ. ನಮ್ಮ ಟೀಮು ಈ ವರ್ಷ ಬಣ್ಣ ಬದಲಾಯಿಸಿಕೊಂಡಿದೆ ಅಣ್ಣಾ. ಸಾಹುಕಾರ ಈ ಸಲ ಶುಂಠಿ ಹಾಕದೆ ಊರಿಗೆ ಹೋದದ್ದರಿಂದ ಅಪ್ಪ ಒಂದಾಟವೂ ನೋಡಿರಲಿಲ್ಲ. ನಿನ್ನ ಕ್ಯಾಲೆಂಡರು ಹಳೇದು. ನಾವು ಎದುರು ಟೀಮಿನವರ ನಡುವೆ, ಅವರದೇ ಬಣ್ಣ ಹಾಕಿಕೊಂಡು ಕೂತಿದ್ದೆವು.

ಅವರು ನಮ್ಮನ್ನು ಏನೂ ಮಾಡಲಿಲ್ಲ. ಕಡಲೆಕಾಯಿ ಕೊಟ್ಟ ಅಜ್ಜನಿಗೆ ವಿಷಯ ತಿಳಿದು ನಗುವೋ ನಗು. ಹಳದಿ ಶರ್ಟು ಹಾಕಿಕೊಂಡು ನೀಲಿಗೆ ಕೂಗುವ ಅಪ್ಪನನ್ನು ತೋರಿಸಿ ಎಲ್ಲರನ್ನೂ ನಗಿಸಿದ. ಅಪ್ಪನೂ ನಕ್ಕ. ಅಷ್ಟು ಖುಷಿಯಾಗಿ ಅಪ್ಪನನ್ನು ನಾನು ಯಾವತ್ತೂ ನೋಡಿಲ್ಲ.

ಸೋತಾಗ ಅಪ್ಪ ಅತ್ತ. ಹೊರಗೆ ಬಂದೆವು. ದಾರಿಗೆ ಅಡ್ಡವಾಗಿ ನೀಲಿಯವರು ಬಾವುಟದ ಬಿದಿರು ಹಿಡಿದು ನಿಂತಿದ್ದರು. ಹಳದಿ ಕಂಡವರಿಗೆಲ್ಲ ಬಾರಿಸುತ್ತಿದ್ದರು. ನಾನು ಹಿಂದಕ್ಕೆ ಎಳೆದೆ. ಅಪ್ಪ ಬಿಡಿಸಿಕೊಂಡ. 'ನಮ್ಮೋರು ಕಣಮ್ಮಿ, ಪಾಪ, ಸೋತು ಅಳ್ತಾವೆ' ಅಂದ. ಎರಡು ಕೈಯನ್ನೂ ಚಾಚಿಕೊಂಡು ಅವರ ಹತ್ತಿರಕ್ಕೇ ಹೋದ.

ಮೊದಲ ಏಟು ಕಿವಿಯ ಮೇಲೆ ಬಿತ್ತು. ಹಸಿ ಸೌದೆ ಸೀಳಿದ ಹಾಗೆ ಸದ್ದಾಯಿತು. ಅಪ್ಪ ಇನ್ನೂ ನಗುತ್ತಲೇ ಇದ್ದ. ತಮಾಷೆಗೆ ಹೊಡೆದರು ಅಂದ್ಕೊಂಡಿದ್ದನೋ ಏನೋ. 'ನಾನೂ ಕಬನಿ, ನಾನೂ ಕಬನಿ' ಅಂತ ಎದೆ ತಟ್ಟಿಕೊಂಡ. ತಟ್ಟಿಕೊಂಡದ್ದು ಹಳದಿ ಶರ್ಟಿನ ಮೇಲೆ. ಎರಡನೇ ಏಟು ಬಾಯಿಗೆ. ಬಿದ್ದ. ಆಮೇಲೆ ಕಾಲಿನಲ್ಲಿ. ಚೆಂಡನ್ನು ಒಬ್ಬನಿಂದ ಒಬ್ಬನಿಗೆ ತಳ್ಳುತ್ತಾರಲ್ಲ, ಹಾಗೆ. ಅವ್ವ ಅಪ್ಪನ ಮೇಲೆ ಬೋರಲು ಬಿದ್ದಳು. ಅವಳ ಕೈ ಮೇಲೆ ಒಬ್ಬ ಬೇಕಂತಲೇ ನಿಂತು ತಿರುಗಿದ. ಬೆರಳು ಮುರಿದದ್ದು ನನಗೆ ಕೇಳಿಸಿತು.

ನಾನೂ ಸುಮ್ಮನಿರಲಿಲ್ಲ. ಒಬ್ಬನ ತೋಳು ಕಚ್ಚಿದೆ, ಬಾಯಿ ತುಂಬ ಅವನ ರಕ್ತ ಬಂತು. ಇನ್ನೊಬ್ಬನ ಹಣೆಗೆ ಟಿಫನ್ ಕ್ಯಾರಿಯರ್ ಬೀಸಿದೆ. ಅವ್ವನ ಚಿತ್ರಾನ್ನ ಅಪ್ಪನ ಮುಖದ ರಕ್ತದ ಮೇಲೆಲ್ಲ ಚೆಲ್ಲಿತು. ಅವರೆಲ್ಲ ಆ ಕಡೆಯವರೇ ಅಂತ ತಿಳೀಬೇಡ. ಒಬ್ಬ ನಮ್ಮ ಮಾತಿನಲ್ಲೇ, 'ಆಕ್ಲಾ, ಇನ್ನೊಂದ್ ಆಕ್ಲಾ' ಅಂತ ಕೂಗುತ್ತಿದ್ದ.

ಯಾರೋ ಒಬ್ಬರು ತಮ್ಮ ಗಾಡಿಯಲ್ಲಿ ಹಾಕಿಕೊಂಡು ಗೇಟು ಬೀಳುವ ಮೊದಲು ಕಾಡು ದಾಟಿಸಿ ಗುಂಡ್ಲುಪೇಟೆಗೆ ತಂದರು. ಅಲ್ಲಿಂದ ಚಾಮರಾಜನಗರಕ್ಕೆ ಕಳಿಸಿದರು.

ಮುಖ ಯಾವುದೂ ನೆನಪಿಲ್ಲ. ನೀಲಿ ಅಷ್ಟೇ ನೆನಪಿದೆ. ಸುಳ್ಳು ಬರೆದದ್ದು ಯಾಕೆ ಅಂತ ಕೇಳ್ತೀಯ. ನೀನು ಹೀಗಾಗ್ತೀಯ ಅಂತಲೇ. ಅಪ್ಪ ಈಗೀಗ ಬಾಗಿಲ ಕಡೆ ನೋಡ್ತಾ ಇರ್ತಾನೆ. ನೀನು ಬರ್ತೀಯ ಅಂತ ನೋಡ್ತಾನೆ. ಸಾಹೇಬರೇ ರಜೆ ಕೊಟ್ಟರೂ ನೀನು ಗೇಟಿಗೆ ಹೋದೆ.

ಭಾನು


ಗೇಟು
15 ಮಾರ್ಚ್ 2025

ಭಾನು,

ನಿನ್ನ ಕಾಗದ ಜೇಬಿನಲ್ಲಿದೆ. ಗಾಡಿ ನಿಲ್ಲಿಸಿದಾಗಲೆಲ್ಲ ಎದೆಗೆ ಒತ್ತುತ್ತೆ.

ಬರಬೇಕು ಅಂತ ನನಗೂ ಇದೆ. ಆದರೆ ಬರಿಗೈಯಲ್ಲಿ ಬಂದು ಆ ಮಂಚದ ಪಕ್ಕ ನಿಂತು ಏನು ಹೇಳಲಿ? ಹಳದಿ ಹಾಕ್ಕೊಳ್ಳಿ ಅಂದವನು ನಾನು. ನಿನ್ನನ್ನು ಹೊಡೆದವನಿಗೆ ಹೊಡೆದು ಬಂದೆ ಅಪ್ಪಾ ಅನ್ನಬೇಕು. ಅಷ್ಟಾಗದೆ ನಾನು ಅವನಿಗೆ ಮುಖ ತೋರಿಸೋದಿಲ್ಲ.

ಮೊನ್ನೆ ಒಂದು ಕಾರಿನ ಹಿಂದೆ ಕಬನಿಯ ನೀಲಿ ಸ್ಟಿಕ್ಕರಿತ್ತು. ಡಿಕ್ಕಿ ತೆಗೆ ಅಂದೆ. ಯಾಕೆ ಅಂದ. ಲಾಠಿಯಲ್ಲಿ ಕನ್ನಡಿ ಒಡೆದೆ. ಒಳಗೆ ಹೆಂಗಸು, ಮಕ್ಕಳು. ಮಕ್ಕಳು ಕಿರುಚಿಕೊಂಡವು. ಮೂಗಯ್ಯನನ್ನೂ ನನ್ನ ಜೊತೆಗೇ ಗೇಟಿಗೆ ಹಾಕಿದ್ದಾರೆ. ಅವನು ನನ್ನನ್ನು ಹಿಂದಿನಿಂದ ತಬ್ಬಿ ಹಿಡಿದು 'ಬುಡ್ಲಾ, ಬುಡ್ಲಾ' ಅಂತ ಅಂಗಲಾಚಿದ. ಕನ್ನಡಿ ಒಡೆದಾಗ ಹಿತವಾಯಿತು. ನಿಜ ಹೇಳ್ತಿದ್ದೀನಿ.

ಇನ್ನೊಂದು ವಿಷಯ. ಪುಟ್ಟಮಾದು ಹೇಳಿದ, ಗುಂಡ್ಲುಪೇಟೆ ಮಂಡಿಯ ಕಡೆಯವನೊಬ್ಬ ಆಸ್ಪತ್ರೆಗೆ ಬಂದು ಹೋಗ್ತಿದ್ದಾನಂತೆ. ಪಿಕಪ್ ಗಾಡಿ, ಮುಂದೆ ನೀಲಿ ಬಾವುಟ. ಬಾಳೆಹಣ್ಣು ಹಿಡಿದುಕೊಂಡು ನಿನ್ನ ಹತ್ತಿರ ಮೆಲ್ಲಗೆ ಮಾತಾಡ್ತಿದ್ದನಂತೆ. ಯಾರವನು? ಕೇಸು ಕೊಡಬೇಡಿ ಅಂತ ರಾಜಿಗೆ ಬಂದಿದ್ದಾನಾ? ಹೆದರಿಸಿದ್ದಾನಾ? ನಿನಗೆ ಮುಖ ನೆನಪಿಲ್ಲದ್ದು ಅದಕ್ಕೇನಾ? ದುಡ್ಡಿರುವವರು, ಒಂದು ಗೊನೆ ಹಣ್ಣು ತಂದಿಟ್ಟು ಎಲ್ಲ ಮುಗೀತು ಅಂತಾರೆ. ನಮ್ಮಂಥವರ ರಕ್ತ ಅವರಿಗೆ ನೀರು.

ಅವನ ಹೆಸರು ಬರೆಯಬೇಡ, ಪರವಾಗಿಲ್ಲ. ಮಂಡಿಯ ಗಾಡಿ ಅಂದರೆ ಈ ಗೇಟು ದಾಟಲೇಬೇಕು. ನನ್ನ ಕೈಗೆ ಸಿಕ್ಕಲಿ.

ಮಹಾಲಿಂಗ


ಬೇಗೂರು
24 ಮಾರ್ಚ್ 2025

ಅಣ್ಣಾ,

ಈ ಕಾಗದ ತಂದವರ ಮುಖವನ್ನು ಮೊದಲು ಒಂದು ಸಲ ಸರಿಯಾಗಿ ನೋಡು. ಆಮೇಲೆ ಮುಂದೆ ಓದು.

ಇವರ ಹೆಸರು ಸಾಗರ್. ಗುಂಡ್ಲುಪೇಟೆಯ ತರಕಾರಿ ಮಂಡಿ ಗಂಗಾಧರಸ್ವಾಮಿಯವರ ಮಗ. ಪುಟ್ಟಮಾದು ಆಸ್ಪತ್ರೆಯಲ್ಲಿ ಕಂಡದ್ದು ಇವರನ್ನೇ. ಆ ದಿನ ಇವರೂ ನೀಲಿ ಹಾಕಿಕೊಂಡು ಆಟಕ್ಕೆ ಬಂದಿದ್ದರು. ಅಪ್ಪನ ಮೇಲೆ ಬಿದ್ದವರನ್ನು ಒಬ್ಬೊಬ್ಬರನ್ನಾಗಿ ಎಳೆದು ಎಸೆದರು, ತಾವೂ ಏಟು ತಿಂದರು. ಮೈಮೇಲಿದ್ದ ನೀಲಿ ಶರ್ಟನ್ನು ಬಿಚ್ಚಿ ಹರಿದು ಅಪ್ಪನ ತಲೆಗೆ ಬಿಗಿದರು. ಬರಿ ಮೈಯಲ್ಲಿ ಗಾಡಿ ಓಡಿಸಿಕೊಂಡು ಕಾಡು ದಾಟಿಸಿದರು. ದಾರಿಯುದ್ದಕ್ಕೂ ಅಪ್ಪನನ್ನು ನಿದ್ದೆ ಹೋಗಲು ಬಿಡದೆ, ಹಳೇ ಆಟಗಳ ಗೋಲು ಒಂದೊಂದನ್ನೂ ಹೇಳುತ್ತಾ ಬಂದರು. ಅಪ್ಪ ಬದುಕಿರೋದು ಇವರಿಂದ.

ಮೊದಲೇ ಯಾಕೆ ಬರೆಯಲಿಲ್ಲ ಅಂತ ಕೋಪ ಬರುತ್ತೆ ನಿನಗೆ. ಅಂಥ ಮನೆಯವರು ನಮ್ಮ ಬೀದಿಗೆ ಯಾಕೆ ಬರ್ತಾರೆ ಅಂತ ನೀನು ಕೇಳ್ತಿದ್ದೆ. ಊರು ಕೇಳಲು ಶುರುಮಾಡಿದೆ. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. ನೀನು ಮನೆಗೆ ಬಂದಾಗ ಎದುರು ಕೂತು ಹೇಳ್ತೀನಿ.

ಸಿಹಿ ಸುದ್ದಿ ಇದೆ. ಅಪ್ಪ ಮನೆಗೆ ಬಂದ. ಮಾತಾಡಿದ. ನನ್ನ ಹತ್ತಿರ ಅಲ್ಲ, ಅವ್ವನ ಹತ್ತಿರವೂ ಅಲ್ಲ, ಇವರ ಹತ್ತಿರ. 'ಮುಂದ್ಲೊರ್ಸ ಕಪ್ಪು ನಮ್ದೇ ಕಣಪ್ಪ' ಅಂದ. ಅವ್ವ ಒಲೆಯ ಮುಂದೆ ಕೂತು ಗೊಳೋ ಅಂತ ಅತ್ತಳು.

ಡಬ್ಬಿಯಲ್ಲಿ ನಿಪ್ಪಟ್ಟು ಇದೆ. ಅವ್ವ ಒಂದೇ ಕೈಯಲ್ಲಿ ತಟ್ಟಿದ್ದು, ವಕ್ರವಾಗಿದ್ದರೆ ನಗಬೇಡ. ಇವರು ಹಾಕಿರುವ ಶರ್ಟು ನಾನು ಹೊಲಿದದ್ದು. ಅಪ್ಪನಿಗಾಗಿ ಹರಿದುಕೊಂಡದ್ದಕ್ಕೆ ಬದಲು. ನೀಲಿ ಕಂಡರೆ ನಮ್ಮಣ್ಣನಿಗೆ ಉರಿಯುತ್ತೆ, ಗೇಟಿಗೆ ಬೇರೆ ಹಾಕಿಕೊಂಡು ಹೋಗಿ ಅಂದೆ. 'ನೀವು ಹೊಲಿದಿದ್ದು ಬಿಟ್ಟು ಬೇರೇದು ಯಾಕ್ರೀ ಹಾಕ್ಲಿ? ಒಳ್ಳೇದಕ್ಕೆ ಹೋಗ್ತಿದ್ದೀನಿ' ಅಂತ ನಕ್ಕರು. ಬೇರೆ ಮಾತಿಗೆ ಮೊದಲು ಕಾಗದ ಕೊಡಿ ಅಂತ ಹೇಳಿದ್ದೀನಿ.

ಕೋಪ ಬಿಟ್ಟು ಮನೆಗೆ ಬಾ ಅಣ್ಣಾ. ಅಪ್ಪ ಕಾಯ್ತಿದ್ದಾನೆ.

ಭಾನು


ಸಬ್ ಜೈಲು, ಚಾಮರಾಜನಗರ
29 ಮಾರ್ಚ್ 2025

ಭಾನುಗೆ,

ನಿನ್ನ ಕಾಗದವನ್ನು ಸ್ಟೇಷನ್ನಿನಲ್ಲಿ ಓದಿದೆ. ಚೀಲ ಬಿಚ್ಚಿ ಮಹಜರು ಮಾಡುವಾಗ ಪೊಲೀಸಿನವರು ಗಟ್ಟಿಯಾಗಿ ಓದಿದರು. 'ಮುಖವನ್ನು ಮೊದಲು ಸರಿಯಾಗಿ ನೋಡು' ಅಂತ ಓದಿ ನನ್ನ ಮುಖ ನೋಡಿದರು.

ಯಾರೋ ಹೇಳಿದ್ದು ಕೇಳಬೇಡ. ನಾನು ಮಾಡಿದ್ದನ್ನು ನಾನೇ ಹೇಳ್ತೀನಿ.

ಪಿಕಪ್ ಬಂದು ನಿಂತಿತು. ಮುಂದೆ ನೀಲಿ ಬಾವುಟ. ಇಳಿದವನ ಮೈಮೇಲೆ ನೀಲಿ. ಒಂದು ಕೈ ಚೀಲದೊಳಗೆ ಹಾಕಿ ಏನೋ ತಡಕುತ್ತಿದ್ದ. ನಗುತ್ತಿದ್ದ. 'ಮಹಾಲಿಂಗ ಅನ್ನೋರು ಯಾರು? ಭಾನು ಕಳ್ಸಿದ್ರು' ಅಂದ. ಅವನ ಬಾಯಲ್ಲಿ ನಿನ್ನ ಹೆಸರು ಕೇಳಿದೆನಲ್ಲ, ಅಷ್ಟೇ ಗೊತ್ತು. ಮೊದಲ ಏಟು ಕಿವಿಯ ಮೇಲೆ. ನೀನು ಬರೆದಿದ್ದೆಯಲ್ಲ, ಅದೇ ಜಾಗಕ್ಕೆ, ಬೇಕಂತಲೇ. ಅವನು ಕೈ ಎತ್ತಲಿಲ್ಲ. 'ಕಾಗ್ದ ಓದಿ, ಕಾಗ್ದ ಓದಿ' ಅಂತಿದ್ದ. ಎರಡನೇ ಏಟು ಕಣ್ಣಿಗೆ. ಕುಸಿದ. ನಾನು ನಿಲ್ಲಿಸಲಿಲ್ಲ. ನಿನ್ನ ಕಾಗದದಲ್ಲಿ ಇದ್ದದ್ದನ್ನೆಲ್ಲ ಒಂದೊಂದಾಗಿ ಅವನ ಮೇಲೆ ತೀರಿಸಿದೆ. ಕೈ ಮೇಲೆ ಬೂಟು ಇಟ್ಟು ತಿರುಗಿದೆ. ಮೂಗಯ್ಯ ನನ್ನ ತಲೆಗೆ ಕಲ್ಲಿನಲ್ಲಿ ಹೊಡೆಯದಿದ್ದರೆ ಕೊಂದೇಬಿಡ್ತಿದ್ದೆ.

ನಾನು ಬೀಳುವಾಗ ಅವನ ಕಾಲರ್ ನನ್ನ ಮುಷ್ಟಿಯಲ್ಲಿತ್ತು, ಕಿತ್ತು ಬಂತು. ಒಳಗಡೆ ಕಪ್ಪು ದಾರ. ಅಡ್ಡಗೆರೆ, ಉದ್ದಗೆರೆ. ಎಲ್ಲೋ ಕಂಡ ಹಾಗಿದೆ ಅನ್ನಿಸಿತು. ನನ್ನ ಕಾಲರಿನೊಳಗೆ ಕೈ ಹಾಕಿ ಸವರಿಕೊಂಡೆ. ಮನೆಯವರಿಗೆ ಮಾತ್ರ ಹಾಕ್ತೀನಿ ಅಂದಿದ್ದೆ ನೀನು. ನೆಲದ ಮೇಲೆ ಡಬ್ಬಿ ತೆರೆದುಕೊಂಡು ಬಿದ್ದಿತ್ತು. ವಕ್ರ ವಕ್ರ ನಿಪ್ಪಟ್ಟು, ಅದರ ಮೇಲೆ ರಕ್ತ.

ಅಲ್ಲೇ ಕೂತು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ನನ್ನ ಶರ್ಟು ಹರಿದು ಕಟ್ಟಲು ಹೋದೆ. ಅವನು ನನ್ನ ಕೈ ಕಂಡು ಬೆದರಿ ತಲೆ ಮುಚ್ಚಿಕೊಂಡ.

ಅಪ್ಪ 'ನಾನೂ ಕಬನಿ' ಅಂತ ಕೂಗಿದ್ದು ಹೀಗೇ ಇತ್ತೇನಮ್ಮಿ? ಯಾರಿಗೂ ಕೇಳಿಸದ ಹಾಗೆ?

ಅವರ ಕಣ್ಣು ಹೇಗಿದೆ? ಅಷ್ಟು ಮಾತ್ರ ಬರಿ. ಅಪ್ಪನಿಗೆ ಹೇಳಬೇಡ.

ಮಹಾಲಿಂಗ


ಬೇಗೂರು
9 ಏಪ್ರಿಲ್ 2025

ಮಹಾಲಿಂಗನಿಗೆ,

ಎಡಗಣ್ಣು ಹೋಯಿತು. ಬಲಗೈಯ ಬೆರಳುಗಳು ಮಡಿಸಲು ಬರೋದಿಲ್ಲ. ಇನ್ನು ಗಾಡಿ ಓಡಿಸುವಂತಿಲ್ಲ.

ಆಸ್ಪತ್ರೆಗೆ ಹೋಗಿದ್ದೆ. ಗಂಗಾಧರಸ್ವಾಮಿಯವರು ಬಾಗಿಲಲ್ಲೇ ಕೂತಿದ್ದರು. ಕೂಗಾಡಲಿಲ್ಲ. 'ಅವ್ನು ನಿಮ್ ತಂದೇನ ಉಳಿಸ್ದ ಕಣಮ್ಮ. ಇನ್ನ್ ಈ ಕಡೆ ಬರ್ಬ್ಯಾಡಿ' ಅಂದರು. ಅವರ ಕಾಲು ಮುಟ್ಟಿ ವಾಪಸ್ ಬಂದೆ. ನೀನು ಮನೆಗೆ ಬಂದಾಗ ಹೇಳ್ತೀನಿ ಅಂದಿದ್ದೆನಲ್ಲ, ಅದು ಇನ್ನು ಯಾರಿಗೂ ಹೇಳುವ ಮಾತಲ್ಲ.

ನಾನು ಸಾಗರ್ ವಿಷಯ ಮುಚ್ಚಿಟ್ಟದ್ದು ತಪ್ಪು. ಅದನ್ನು ರಾತ್ರಿಯೆಲ್ಲ ಎಣಿಸಿಕೊಂಡು ಮಲಗ್ತೀನಿ. ಆದರೆ ಲಾಠಿ ಹಿಡಿದದ್ದು ನನ್ನ ಕೈಯಲ್ಲ. ಅಪ್ಪನಿಗೋಸ್ಕರ ಹೊಡೆದೆ ಅಂತ ನೀನು ಯಾರ ಮುಂದೆಯೂ ಹೇಳಬೇಡ. ಅಪ್ಪನಿಗೋಸ್ಕರ ಆಗಿದ್ದರೆ ಮೊದಲೇ ಮನೆಗೆ ಬರ್ತಿದ್ದೆ.

ನಿನ್ನ ಯೂನಿಫಾರ್ಮನ್ನು ಮೂಗಯ್ಯ ತಂದುಕೊಟ್ಟ. ಒಗೆದು, ಕಾಲರಿನೊಳಗಿನ ಕಪ್ಪು ದಾರವನ್ನು ಬ್ಲೇಡಿನಲ್ಲಿ ಬಿಚ್ಚಿದೆ. ಇಸ್ತ್ರಿ ಮಾಡಿ ಇಟ್ಟಿದ್ದೀನಿ, ಬೇಕಾದಾಗ ಬಂದು ತಗೊಂಡು ಹೋಗು.

ಅಪ್ಪನಿಗೆ ಹೇಳಬೇಡ ಅಂದೆ. ಹೇಳಿದೆ. ಸುಳ್ಳು ಬರೆದು ಏನಾಯಿತು ಅಂತ ನೋಡಿಯಾಯಿತಲ್ಲ. ಅಪ್ಪ ಗೋಡೆ ಹಿಡಿದುಕೊಂಡು ಎದ್ದ. 'ಬೈಸ್ಕೊಂಡ್ರೂ ಸರಿ, ಆ ಮಗೀನ ನೋಡ್ಕೊಂಡ್ ಬರನ ನಡೀರಿ' ಅಂದ. ಬಾಗಿಲ ಹೊರಗೆ ಕೂತಾದರೂ ಬರ್ತೀನಿ ಅಂತ ಹಟ ಹಿಡಿದಿದ್ದಾನೆ. ನಾಳೆ ಬೆಳಿಗ್ಗೆ ಮೂರು ಜನವೂ ಹೋಗ್ತಿದ್ದೀವಿ.

ಅವ್ವ ಪೆಟ್ಟಿಗೆ ತೆಗೆದು ಅದರ ಮುಂದೆ ಕೂತಿದ್ದಾಳೆ. ಯಾವ ಬಣ್ಣ ಉಟ್ಕೊಂಡ್ ಓಗನಮ್ಮಿ ಅಂತ ಸಾಯಂಕಾಲದಿಂದ ಕೇಳ್ತಾನೇ ಇದ್ದಾಳೆ.

ಭಾನು